ಸೇವೆಗೆ ಸರ್ಟಿಫಿಕೇಟ್ ಇದೆ, ಕೆಲಸಕ್ಕೆ ಹುದ್ದೆ ಎಲ್ಲಿದೆ?

'ಸ್ವಯಂಸೇವಕರು ಬೇಕಾಗಿದ್ದಾರೆ. ಯುವಜನರ ಜೊತೆ ಕೆಲಸ ಮಾಡುವ ಆಸಕ್ತಿ ಇರಬೇಕು. ಸ್ವಂತ ಬೈಕ್ ಇದ್ದರೆ ಒಳ್ಳೆಯದು. ಊಟ ಮತ್ತು ಪ್ರಮಾಣಪತ್ರ ಕೊಡಲಾಗುವುದು.'

ಇಂಥದೊಂದು ಸಂದೇಶ ನಿಮ್ಮ ವಾಟ್ಸ್ಆ್ಯಪ್ ಗುಂಪಿಗೂ ಬಂದಿರುತ್ತೆ. ಓದಿ ಮುಂದಕ್ಕೆ ಕಳಿಸಿರ್ತೀರಿ. ಕೆಲವರು ಹೋಗಿಯೂ ಬಂದಿರ್ತೀರಿ. ಸರ್ಕಾರಿ ಹೈಸ್ಕೂಲಿನ ಮಕ್ಕಳಿಗೆ ಬೇಸಿಗೆ ಶಿಬಿರ ಮಾಡಿರ್ತೀರಿ, ಹಾಸ್ಟೆಲ್ ಹುಡುಗಿಯರ ಜೊತೆ ಮುಟ್ಟಿನ ಬಗ್ಗೆ ಮಾತಾಡಿರ್ತೀರಿ, ಕಾಲೇಜು ಬಿಟ್ಟು ಗ್ಯಾರೇಜಿಗೆ ಸೇರಿದ ಹುಡುಗನನ್ನು ಮತ್ತೆ ಪರೀಕ್ಷೆಗೆ ಕೂರಿಸಿರ್ತೀರಿ. ಒಂದೆರಡು ವರ್ಷ ಕಳೆದ ಮೇಲೆ ಮನೆಯಲ್ಲಿ ಒಂದು ಪ್ರಶ್ನೆ ಬರುತ್ತೆ: 'ಅದೆಲ್ಲ ಸರಿ, ಕೆಲ್ಸ ಯಾವಾಗ ನೋಡ್ಕೊಳ್ತೀಯ?'

ಈ ಪ್ರಶ್ನೆ ಕೇಳುವ ಅಪ್ಪ-ಅಮ್ಮಂದಿರನ್ನು ದೂರಿ ಪ್ರಯೋಜನವಿಲ್ಲ. ಅವರು ಕೇಳ್ತಿರೋದು ಸರಿಯಾದ ಪ್ರಶ್ನೆಯೇ. ಆದರೆ ಅದಕ್ಕೆ ಉತ್ತರ ಕೊಡಬೇಕಾದ್ದು ಆ ಹುಡುಗ ಅಥವಾ ಹುಡುಗಿ ಅಲ್ಲ. ಯುವಜನರ ಹೆಸರಲ್ಲಿ ಒಂದು ಇಲಾಖೆ, ಒಂದು ನೀತಿ, ವರ್ಷಕ್ಕೊಂದು ಯುವಜನೋತ್ಸವ ಇಟ್ಟುಕೊಂಡಿರುವ ಸರ್ಕಾರ. ಯುವಜನರ ಜೊತೆ ಕೆಲಸ ಮಾಡುವುದನ್ನು ನಾವು ಇಂದಿಗೂ ಸೇವೆ ಅಂತ ಹೊಗಳ್ತೀವಿ, ಕೆಲಸ ಅಂತ ಒಪ್ಪಿಕೊಳ್ಳಲ್ಲ. ಅದರ ಬೆಲೆ ತೆರುತ್ತಿರುವವರು ಎರಡು ಕಡೆ ಇದ್ದಾರೆ: ಹಾಗೆ ದುಡಿದು ಸುಸ್ತಾಗಿ ಬಿಟ್ಟು ಹೋಗುವವರು ಮತ್ತು ಅವರು ಬಿಟ್ಟು ಹೋದ ಮೇಲೆ ಯಾರೂ ಇಲ್ಲದೆ ಉಳಿಯುವ ಹದಿನೈದು-ಹದಿನಾರರ ಮಕ್ಕಳು.

ಹೆಸರೇ ಇಲ್ಲದ ಕೆಲಸ

ಮೊದಲಿಗೆ ಈ ಕೆಲಸ ಯಾವುದು ಅಂತ ನೋಡೋಣ. ತರಗತಿಯ ಹೊರಗೆ, ಮನೆಯ ಹೊರಗೆ, ಹದಿಹರೆಯದವರು ಮತ್ತು ಇಪ್ಪತ್ತರ ಆಸುಪಾಸಿನವರ ಜೊತೆ ನಿರಂತರವಾಗಿ ಒಡನಾಡುವ ಕೆಲಸ ಇದು. ಪಾಠ ಮಾಡುವುದಲ್ಲ, ಚಿಕಿತ್ಸೆ ಕೊಡುವುದೂ ಅಲ್ಲ. ನಂಬಿಕೆ ಗಳಿಸುವುದು, ಗುಂಪು ಕಟ್ಟುವುದು, ಅವರ ಮಾತು ಕೇಳುವುದು, ಬೇಕಾದಾಗ ಸರಿಯಾದ ಕಚೇರಿ, ವೈದ್ಯರು, ಕೋರ್ಸು, ವಿದ್ಯಾರ್ಥಿವೇತನದ ಹತ್ತಿರ ಕರೆದೊಯ್ಯುವುದು. ಇಂಗ್ಲೆಂಡಿನಂಥ ದೇಶಗಳಲ್ಲಿ ಇದಕ್ಕೆ ಯೂತ್ ವರ್ಕ್ ಅಂತ ಹೆಸರಿದೆ, ಮಾಡುವವರಿಗೆ ಯೂತ್ ವರ್ಕರ್ ಅನ್ನುವ ಹುದ್ದೆ ಇದೆ.

ಕನ್ನಡದಲ್ಲಿ? 'ಯುವ ಕಾರ್ಯಕರ್ತ' ಅಂದು ನೋಡಿ. ಎದುರಿನವರು ಕೇಳುವ ಮೊದಲ ಮಾತು, 'ಯಾವ ಪಕ್ಷ?' ಈ ಪದ ನಮ್ಮಲ್ಲಿ ರಾಜಕೀಯ ಪಕ್ಷಗಳ, ಸಂಘಟನೆಗಳ ಸೊತ್ತಾಗಿ ಎಷ್ಟೋ ಕಾಲವಾಯಿತು. ಇದು ಬರೀ ಪದದ ಕಥೆಯೂ ಅಲ್ಲ. ಊರಿನ ಹುಡುಗರ ಜೊತೆ ದಿನಾ ಸಂಜೆ ಕಟ್ಟೆ ಮೇಲೆ ಕೂತು ಮಾತಾಡಲು, ಅವರ ಜಗಳ ಬಿಡಿಸಲು, ಅವರ ಆಸ್ಪತ್ರೆ ಖರ್ಚಿಗೆ ಓಡಾಡಲು ಪಕ್ಷಗಳಿಗೂ ಧರ್ಮದ ಹೆಸರಿನ ಸಂಘಟನೆಗಳಿಗೂ ಪೂರ್ಣಾವಧಿ ಜನ ಇದ್ದಾರೆ. ಸಾರ್ವಜನಿಕ ಹಣದಿಂದ ನಡೆಯುವ ವ್ಯವಸ್ಥೆಗೆ ಅಂಥವರು ಇಲ್ಲ. ಕರಾವಳಿಯಲ್ಲೋ ಮಲೆನಾಡಲ್ಲೋ ಇಪ್ಪತ್ತರ ಹುಡುಗರು ಗುಂಪು ಕಟ್ಟಿಕೊಂಡು ಯಾರನ್ನೋ ಅಡ್ಡಗಟ್ಟಿದ ಸುದ್ದಿ ಬಂದಾಗ 'ಯುವಜನ ದಾರಿ ತಪ್ಪುತ್ತಿದ್ದಾರೆ' ಅಂತ ಸಂಪಾದಕೀಯ ಬರೀತೀವಿ. ಅವರಿಗೆ ದಾರಿ ತೋರಿಸಲು ಸಂಬಳ ಕೊಟ್ಟು ಯಾರನ್ನು ಇಟ್ಟಿದ್ದೆವು ಅಂತ ಮಾತ್ರ ಕೇಳಿಕೊಳ್ಳಲ್ಲ.

ಇನ್ನೊಂದು ಲೆಕ್ಕ ಇದಕ್ಕಿಂತ ಕಠೋರ. ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನವರು 18ರಿಂದ 30ರೊಳಗಿನವರು. ವಿದ್ಯಾರ್ಥಿಗಳೇ 13,044. ಸಾಯುವ ಯೋಚನೆ ಬಂದ ಹುಡುಗ ನೇರವಾಗಿ ಮನೋವೈದ್ಯರ ಬಳಿ ಹೋಗುವುದು ಅಪರೂಪ. ಅವನು ಮೊದಲು ಬಾಯಿ ಬಿಟ್ಟರೆ ಅದು ತಾನು ನಂಬುವ, ತನ್ನೂರಲ್ಲೇ ಸಿಗುವ ಒಬ್ಬ ಅಣ್ಣನ ಬಳಿ, ಒಬ್ಬ ಅಕ್ಕನ ಬಳಿ. ಆ ಅಣ್ಣ-ಅಕ್ಕಂದಿರು ಮುಂದಿನ ವರ್ಷವೂ ಅಲ್ಲೇ ಇರ್ತಾರಾ ಅನ್ನೋದೇ ಪ್ರಶ್ನೆ.

ಏಣಿ ಇದೆ, ಮೇಲ್ಮಹಡಿ ಇಲ್ಲ

ಸ್ವಯಂಸೇವೆಗೆ ನಮ್ಮಲ್ಲಿ ಅವಕಾಶ ಕಡಿಮೆ ಅನ್ನೋ ಹಾಗಿಲ್ಲ. 1969ರಲ್ಲಿ, ಗಾಂಧಿ ಶತಾಬ್ದಿಯ ವರ್ಷ, 37 ವಿಶ್ವವಿದ್ಯಾಲಯಗಳ 40 ಸಾವಿರ ವಿದ್ಯಾರ್ಥಿಗಳೊಂದಿಗೆ ಎನ್‌ಎಸ್‌ಎಸ್ ಶುರುವಾಯಿತು. ಇವತ್ತು ಅದು ಇಲ್ಲದ ಕಾಲೇಜು ಹುಡುಕಬೇಕು. ಎರಡು ವರ್ಷದಲ್ಲಿ 240 ಗಂಟೆ ಸೇವೆ, ಏಳು ದಿನದ ವಿಶೇಷ ಶಿಬಿರ, ಕೊನೆಗೆ ಪ್ರಮಾಣಪತ್ರ. ಹಳ್ಳಿಯ ಶಾಲೆ ಜಗಲಿಯಲ್ಲಿ ಮಲಗಿ, ಬೆಳಗ್ಗೆ ಚರಂಡಿ ಬಳಿದು, ಸಂಜೆ ನಾಟಕ ಆಡಿದ ಆ ಏಳು ದಿನಗಳು ಎಷ್ಟೋ ಜನರ ಬದುಕಿನ ದಿಕ್ಕನ್ನೇ ಬದಲಿಸಿವೆ. ಅದರಲ್ಲಿ ಅನುಮಾನವಿಲ್ಲ.

ಆದರೆ ಆ ಘಟಕವನ್ನು ನಡೆಸುವವರು ಯಾರು? ಕನ್ನಡವನ್ನೋ ವಾಣಿಜ್ಯವನ್ನೋ ಪಾಠ ಮಾಡುವ ಒಬ್ಬ ಅಧ್ಯಾಪಕರು. ನೂರು ಮಕ್ಕಳ ಹೊಣೆ ಅವರಿಗೆ ಹೆಚ್ಚುವರಿ ಕೆಲಸ. ಅಂದರೆ ದೇಶದ ಅತಿದೊಡ್ಡ ವಿದ್ಯಾರ್ಥಿ ಸೇವಾ ಯೋಜನೆಯಲ್ಲೇ, ಕಾಲೇಜು ಮಟ್ಟದಲ್ಲಿ, ಯುವಜನರ ಜೊತೆ ಕೆಲಸ ಮಾಡುವುದನ್ನೇ ವೃತ್ತಿಯಾಗಿ ಮಾಡುವ ಹುದ್ದೆ ಇಲ್ಲ.

ಕಾಲೇಜು ಮುಗಿದ ಮೇಲಿನ ಮೆಟ್ಟಿಲಾಗಿದ್ದದ್ದು ನೆಹರು ಯುವ ಕೇಂದ್ರ. 1972ರಲ್ಲಿ ಶುರುವಾದ ಈ ಕೇಂದ್ರಗಳ ಮೂಲಕ ರಾಷ್ಟ್ರೀಯ ಯುವ ಸ್ವಯಂಸೇವಕರನ್ನು ತೆಗೆದುಕೊಳ್ಳುವ ಯೋಜನೆ 2010-11ರಿಂದ ನಡೆದು ಬಂತು. ವಯಸ್ಸು 18ರಿಂದ 29. ಕನಿಷ್ಠ ಹತ್ತನೇ ತರಗತಿ ಪಾಸಾಗಿರಬೇಕು. ಗೌರವಧನ ತಿಂಗಳಿಗೆ 5,000 ರೂಪಾಯಿ. ಹೆಚ್ಚೆಂದರೆ ಎರಡು ವರ್ಷ. ಇದು ಉದ್ಯೋಗವಲ್ಲ, ಮುಂದೆ ಉದ್ಯೋಗ ಕೇಳುವ ಹಕ್ಕೂ ಇದರಿಂದ ಬರುವುದಿಲ್ಲ ಅಂತ ನಿಯಮದಲ್ಲೇ ಸ್ಪಷ್ಟವಾಗಿ ಬರೆದಿದೆ.

5,000 ಅಂದರೆ ಎಷ್ಟು? 2025-26ರಲ್ಲಿ ಕರ್ನಾಟಕಕ್ಕೆ ನಿಗದಿಯಾಗಿದ್ದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. 14 ದಿನ ಕೃಷಿ ಹೊಂಡ ತೋಡಿದರೆ 5,180 ಆಗುತ್ತೆ. ತಿಂಗಳಿಡೀ ಊರೂರು ಸುತ್ತಿ ಯುವಕ ಸಂಘ ಕಟ್ಟುವವರಿಗೆ ಅದಕ್ಕಿಂತ ಕಡಿಮೆ. ಬೈಕಿನ ಪೆಟ್ರೋಲಿಗೆ ಹೋಗಿದ್ದು ಕಳೆದರೆ ಉಳಿಯೋದೆಷ್ಟು, ನೀವೇ ಲೆಕ್ಕ ಹಾಕಿ.

2023ರ ಅಕ್ಟೋಬರ್ 31ಕ್ಕೆ ಕೇಂದ್ರ ಸರ್ಕಾರ 'ಮೇರಾ ಯುವ ಭಾರತ್' ಅನ್ನು ಉದ್ಘಾಟಿಸಿತು. ಈಗ ನೋಂದಣಿ, ಕಾರ್ಯಕ್ರಮ, ಪ್ರಮಾಣಪತ್ರ ಎಲ್ಲವೂ ಆ್ಯಪಿನಲ್ಲಿ. ನೋಂದಾಯಿಸಿಕೊಂಡವರ ಸಂಖ್ಯೆ ಕೋಟಿ ದಾಟಿದೆ. ಸ್ವಯಂಸೇವಕರನ್ನು ಒಟ್ಟು ಮಾಡುವುದು ಸುಲಭವಾಗಿರುವುದು ನಿಜ. ಆದರೆ ಆ ಕೋಟಿ ಜನರಲ್ಲಿ ಇದನ್ನೇ ಬದುಕಿನ ಕೆಲಸ ಮಾಡಿಕೊಳ್ತೀನಿ ಅನ್ನುವ ಒಂದಷ್ಟು ಸಾವಿರ ಮಂದಿಗೆ ಮುಂದಿನ ಹುದ್ದೆ ಯಾವುದು ಅನ್ನುವ ಪ್ರಶ್ನೆ ಹಾಗೇ ಉಳಿದಿದೆ.

ರಾಜ್ಯದ ಕಡೆಗೆ ಬರೋಣ. ನಮ್ಮದು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ. ಹೆಸರಲ್ಲಿ ಯುವ ಮೊದಲು, ಕ್ರೀಡೆ ಆಮೇಲೆ. ಜಿಲ್ಲೆಗೆ ಹೋಗಿ ನೋಡಿದರೆ ಎದ್ದು ಕಾಣುವುದು ಕ್ರೀಡಾಂಗಣ, ಈಜುಕೊಳ, ತರಬೇತುದಾರರು. ಅವು ಬೇಡ ಅಂತಲ್ಲ. ಓಟ ಕಲಿಸುವವರಿಗೆ ತರಬೇತಿ, ಅರ್ಹತೆ, ಹುದ್ದೆ ಬೇಕು ಅಂತ ಒಪ್ಪಿಕೊಂಡ ಇಲಾಖೆಗೆ, ಬದುಕಿನ ಬಗ್ಗೆ ಗೊಂದಲದಲ್ಲಿರುವ ಹದಿನೇಳರ ಹುಡುಗಿಯ ಜೊತೆ ಕೂರುವವರಿಗೂ ಅದೆಲ್ಲ ಬೇಕು ಅಂತ ಯಾಕೆ ಅನ್ನಿಸಲ್ಲ?

ಪುಕ್ಕಟೆ ದುಡಿಯಲು ಯಾರಿಗೆ ಸಾಧ್ಯ?

ಸ್ವಯಂಸೇವೆಯನ್ನು ಹೊಗಳುವಾಗ ನಾವು ಮರೆಯುವ ವಿಷಯ ಒಂದಿದೆ. ಎರಡು ವರ್ಷ ಸಂಬಳ ಇಲ್ಲದೆ ಓಡಾಡಬೇಕಾದರೆ ಮನೆಯಲ್ಲಿ ಯಾರೋ ದುಡಿಯುತ್ತಿರಬೇಕು. ಬಾಡಿಗೆ ಕಟ್ಟುವ ಚಿಂತೆ ಇರಬಾರದು. ತಂಗಿಯ ಫೀಸು ನಿಮ್ಮ ತಲೆ ಮೇಲೆ ಇರಬಾರದು. ಹೆಣ್ಣುಮಗಳಾದರೆ ಸಂಜೆ ಏಳರ ಬಸ್ಸಿಗೆ ಬಂದರೂ ಪ್ರಶ್ನಿಸದ ಮನೆ ಇರಬೇಕು. ಇಷ್ಟೆಲ್ಲ ಇರುವುದು ಯಾರಿಗೆ?

ಹಾಗಾಗಿ ಏನಾಗುತ್ತೆ ಅಂದರೆ, ಈ ಕ್ಷೇತ್ರದಲ್ಲಿ ಕೊನೆಗೆ ಕೈತುಂಬ ಸಂಬಳದ ಕುರ್ಚಿಗೆ ತಲುಪುವವರು ಬಹುತೇಕ ನಗರದ, ಇಂಗ್ಲಿಷ್ ಬಲ್ಲ, ಫೆಲೋಶಿಪ್ ಮುಗಿಸಿದ ಮಕ್ಕಳು. ಅವರಿಗೆ ಸ್ವಯಂಸೇವೆ ಒಂದು ಅನುಭವ, ಅರ್ಜಿಯಲ್ಲಿ ಒಂದು ಸಾಲು. ಸಿಂಧನೂರಿನಲ್ಲೋ ಹನೂರಿನಲ್ಲೋ ಹುಟ್ಟಿ, ಅಲ್ಲಿನ ಮಕ್ಕಳ ಮಾತು, ಜಾತಿ, ಮನೆಯ ಪರಿಸ್ಥಿತಿ ಎಲ್ಲ ಬಲ್ಲವರು ಎರಡು ವರ್ಷ ದುಡಿದು ಗಾರ್ಮೆಂಟ್ ಫ್ಯಾಕ್ಟರಿಗೋ ಡೆಲಿವರಿ ಕೆಲಸಕ್ಕೋ ಹೋಗ್ತಾರೆ. ಯೋಜನೆ ಬರೆಯುವವರು ಒಂದು ಕಡೆ ಉಳಿದರು, ಊರು ಬಲ್ಲವರು ಇನ್ನೊಂದು ಕಡೆ ಹೋದರು. ದಲಿತ ಕೇರಿಯ ಹುಡುಗನಿಗೆ ತನ್ನಂತೆಯೇ ಬೆಳೆದು ಬಂದ ಒಬ್ಬ ಮಾರ್ಗದರ್ಶಿ ಸಿಗುವ ಸಾಧ್ಯತೆ ಅಲ್ಲಿಗೇ ಕಮ್ಮಿಯಾಯ್ತು.

ಸರ್ಕಾರ ನಿರುದ್ಯೋಗಿ ಪದವೀಧರರಿಗೆ ಯುವನಿಧಿ ಕೊಡ್ತಿದೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಸಿಕ್ಕ ಯೋಜನೆಯಲ್ಲಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಗರಿಷ್ಠ ಎರಡು ವರ್ಷ. ಕೆಲಸ ಇಲ್ಲದವರಿಗೆ ಅದು ಆಸರೆ. ಆದರೆ ಕೆಲಸ ಇಲ್ಲದ ಯುವಜನರೂ ಇದ್ದಾರೆ, ಅವರ ಊರಲ್ಲೇ ಮಾಡಬೇಕಾದ ಕೆಲಸವೂ ಬೆಟ್ಟದಷ್ಟಿದೆ. ಈ ಎರಡನ್ನೂ ಜೋಡಿಸುವ ಹುದ್ದೆ ಮಾತ್ರ ಇಲ್ಲ.

'ಗೌರವಧನ'ದ ರಾಜಕೀಯ

ಕೆಲಸಕ್ಕೆ ಸೇವೆ ಅಂತ ಹೆಸರಿಟ್ಟು ಸಂಬಳ ತಪ್ಪಿಸುವುದು ಸರ್ಕಾರಗಳಿಗೆ ಹೊಸದಲ್ಲ. 1975ರಲ್ಲಿ ಅಂಗನವಾಡಿ ಯೋಜನೆ ಬಂದಾಗ ಕಾರ್ಯಕರ್ತೆಯರನ್ನು 'ಗೌರವ ಸೇವೆಯವರು' ಅಂತ ಕರೆದರು. ಕರ್ನಾಟಕದಿಂದಲೇ ಹೋದ ಅಮೀರ್‌ಬಿ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್, ಇವರು ಸರ್ಕಾರಿ ಹುದ್ದೆಯಲ್ಲಿರುವವರಲ್ಲ ಅಂದಿತು. ಅವರಿಗೆ ಗ್ರ್ಯಾಚುಟಿ ಸಿಗಬೇಕು ಅಂತ ಅದೇ ಕೋರ್ಟ್ ಹೇಳಿದ್ದು 2022ರ ಏಪ್ರಿಲ್‌ನಲ್ಲಿ, ಗುಜರಾತಿನ ಕಾರ್ಯಕರ್ತೆಯರ ಪ್ರಕರಣದಲ್ಲಿ. ಯೋಜನೆ ಶುರುವಾಗಿ ಅಷ್ಟೊತ್ತಿಗೆ 46 ವರ್ಷ ದಾಟಿತ್ತು.

ಆಶಾ ಕಾರ್ಯಕರ್ತೆಯರದ್ದೂ ಇದೇ ಕಥೆ. 2005ರಲ್ಲಿ ಆರೋಗ್ಯ ಅಭಿಯಾನದ ಜೊತೆ ಬಂದ ಇವರಿಗೆ ಕೊಡುವುದು ಪ್ರೋತ್ಸಾಹಧನ, ಗೌರವಧನ. ರಾಜ್ಯದಲ್ಲಿ ಸುಮಾರು 42 ಸಾವಿರ ಜನ ಇದ್ದಾರೆ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ರಾತ್ರಿ ಹಗಲು ಕೂತ ಮೇಲೆ ತಿಂಗಳಿಗೆ ಕನಿಷ್ಠ 10 ಸಾವಿರ ಖಾತರಿ ಅನ್ನುವ ಭರವಸೆ ಸಿಕ್ಕಿತು. ಆ ಭರವಸೆ ಜಾರಿಯಾಗಲಿ ಅಂತ ಅದೇ ವರ್ಷ ಆಗಸ್ಟ್‌ನಲ್ಲಿ ಮತ್ತೆ ಬೀದಿಗಿಳಿಯಬೇಕಾಯ್ತು.

ಯುವಜನ ಕ್ಷೇತ್ರದವರು ಈ ಇತಿಹಾಸದಿಂದ ಕಲಿಯಬೇಕಾದ್ದು ಏನೆಂದರೆ, 'ಮೊದಲು ಸ್ವಯಂಸೇವಕರಾಗಿ ಸೇರಿಕೊಳ್ಳಿ, ಮುಂದೆ ನೋಡೋಣ' ಅನ್ನುವ ಮಾತನ್ನು ನಂಬಿ ಕೂರಬಾರದು. ಕಾನೂನು ಕೂಡ ಆ ಬಾಗಿಲನ್ನು ಕಿರಿದು ಮಾಡಿದೆ. ಉಮಾದೇವಿ ಪ್ರಕರಣ ಅಂತಲೇ ಹೆಸರಾದ 2006ರ ತೀರ್ಪು ಹೊರಟಿದ್ದೂ ಕರ್ನಾಟಕದ ದಿನಗೂಲಿ ನೌಕರರ ಮೊಕದ್ದಮೆಯಿಂದ. ನೇಮಕಾತಿ ನಿಯಮ ಪಾಲಿಸದೆ ತಾತ್ಕಾಲಿಕವಾಗಿ ಸೇರಿದವರು ಕಾಯಂ ಆಗುವ ಹಕ್ಕು ಕೇಳುವಂತಿಲ್ಲ ಅಂತ ಸಂವಿಧಾನ ಪೀಠ ಹೇಳಿತು. ಆ ತೀರ್ಪನ್ನೇ ಗುರಾಣಿ ಮಾಡಿಕೊಂಡು ವರ್ಷಗಟ್ಟಲೆ ದುಡಿಸಿಕೊಳ್ಳಬೇಡಿ ಅಂತ 2024ರ ಡಿಸೆಂಬರ್‌ನಲ್ಲಿ ಜಗ್ಗೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಗಳಿಗೆ ಚುರುಕು ಮುಟ್ಟಿಸಿದ್ದೂ ಹೌದು. ಆದರೆ ಕೋರ್ಟಿನ ಮೆಟ್ಟಿಲಲ್ಲಿ ಹುದ್ದೆ ಹುಟ್ಟುವುದಿಲ್ಲ. ನೇಮಕಾತಿ ನಿಯಮದಲ್ಲೇ ಹುದ್ದೆ ಇರಬೇಕು, ಅದರಲ್ಲೇ ಸೇವಾ ಅನುಭವಕ್ಕೆ ಅಂಕ ಇರಬೇಕು.

ದಾರಿ ಇಲ್ಲವೇ ಇಲ್ಲ ಅನ್ನೋ ಹಾಗಿಲ್ಲ

ಅಲ್ಲಲ್ಲಿ ಕಿಟಕಿಗಳು ತೆರೆದಿವೆ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯದ ಯುವ ಸಬಲೀಕರಣ ಇಲಾಖೆ ಹತ್ತು ವರ್ಷಕ್ಕೂ ಹಿಂದೆ ಶುರು ಮಾಡಿದ 'ಯುವ ಸ್ಪಂದನ' ಅವುಗಳಲ್ಲಿ ಮುಖ್ಯವಾದದ್ದು. ಸ್ಥಳೀಯ ಯುವಕ-ಯುವತಿಯರಿಗೇ ತರಬೇತಿ ಕೊಟ್ಟು 'ಯುವ ಪರಿವರ್ತಕ'ರನ್ನಾಗಿ ಮಾಡಿ, ಓದು, ಪ್ರೀತಿ, ಮನೆಯ ಒತ್ತಡ, ಮಾದಕ ವಸ್ತು ಇಂಥ ವಿಷಯಗಳಲ್ಲಿ ಓರಗೆಯವರಿಗೆ ಆಸರೆಯಾಗಿಸುವ ಪ್ರಯತ್ನ. ಊರಿನ ಹುಡುಗರೇ, ಆದರೆ ತರಬೇತಿ ಪಡೆದವರು. ಈ ಮಾದರಿ ಸರಿಯಾದದ್ದು. ಇದನ್ನು ಯೋಜನೆಯಿಂದ ವೃತ್ತಿಯ ಮಟ್ಟಕ್ಕೆ ಏರಿಸುವ ಕೆಲಸ ಬಾಕಿ ಇದೆ.

2014ರಲ್ಲಿ ಬಂದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ, ಅಲ್ಲಿ ಆಪ್ತ ಸಮಾಲೋಚಕರಿದ್ದಾರೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಗಳಲ್ಲಿ ಸಮಾಜ ಕಾರ್ಯಕರ್ತರ ಹುದ್ದೆಗಳಿವೆ. ಹೆಚ್ಚಿನವು ಗುತ್ತಿಗೆ ಮೇಲೆ. ಆದರೂ ಹುದ್ದೆ ಅಂತ ಇದೆ, ಅರ್ಹತೆ ಅಂತ ಬರೆದಿದೆ.

ಎಲ್ಲಕ್ಕಿಂತ ಕುತೂಹಲದ ಉದಾಹರಣೆ ಪೋಕ್ಸೋ ಕಾಯ್ದೆಯ 'ಬೆಂಬಲ ವ್ಯಕ್ತಿ'. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಜೊತೆ ಪೊಲೀಸ್ ಠಾಣೆಯಿಂದ ಕೋರ್ಟಿನವರೆಗೆ ನಿಲ್ಲುವವರು ಇವರು. ಇದನ್ನು ಸ್ವಯಂಸೇವೆ ಅಂತ ಬಿಟ್ಟಿದ್ದರೆ ಕಷ್ಟವಿತ್ತು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಇವರಿಗೆ ತರಬೇತಿ ಬೇಕು, ಅವರ ಓದು ಮತ್ತು ಅನುಭವಕ್ಕೆ ತಕ್ಕ ಸಂಭಾವನೆ ಸಿಗಬೇಕು ಅಂತ ಹೇಳಿತು. ಅರ್ಹತೆ ಗೊತ್ತುಮಾಡಿದ ರೀತಿ ಗಮನಿಸಿ: ಸಮಾಜಕಾರ್ಯ, ಮನಶ್ಶಾಸ್ತ್ರದಂಥ ವಿಷಯದಲ್ಲಿ ಸ್ನಾತಕೋತ್ತರ ಪದವಿ, ಇಲ್ಲವೇ ಬರೀ ಪದವಿ ಜೊತೆಗೆ ಮಕ್ಕಳ ಶಿಕ್ಷಣ, ರಕ್ಷಣೆಯ ಕ್ಷೇತ್ರದಲ್ಲಿ ಮೂರು ವರ್ಷದ ಅನುಭವ. ಆ 'ಇಲ್ಲವೇ' ಅನ್ನುವ ಒಂದು ಪದದಲ್ಲಿ ಇಡೀ ಪರಿಹಾರದ ಸುಳಿವಿದೆ. ಓದಲು ಹಣ ಇದ್ದವರು ಒಂದು ಬಾಗಿಲಿಂದ ಬರಲಿ, ಊರಲ್ಲಿ ದುಡಿದವರು ಇನ್ನೊಂದು ಬಾಗಿಲಿಂದ ಬರಲಿ.

ಸಂಬಳ ಬಂದರೆ ಸೇವಾಭಾವ ಸಾಯುತ್ತಾ?

ಇಲ್ಲೊಂದು ಆಕ್ಷೇಪ ಬರುತ್ತೆ. ಹಿರಿಯರು ಹೇಳ್ತಾರೆ, 'ಹಣ ಬಂತು ಅಂದ್ರೆ ಮನಸ್ಸು ಹೋಯ್ತು.' ಅವರ ಕಣ್ಣ ಮುಂದೆ ಎಸ್.ಎನ್. ಸುಬ್ಬರಾವ್ ಅವರಂಥವರು ಇರ್ತಾರೆ. ಬೆಂಗಳೂರಿನಲ್ಲಿ ಹುಟ್ಟಿ, ಹದಿಮೂರನೇ ವಯಸ್ಸಿಗೇ ಕ್ವಿಟ್ ಇಂಡಿಯಾ ಚಳವಳಿಗೆ ಧುಮುಕಿ, ಖಾದಿ ಅಂಗಿ ಚಡ್ಡಿಯಲ್ಲೇ ದೇಶ ಸುತ್ತಿ ಯುವಜನ ಶಿಬಿರ ನಡೆಸಿದವರು. 1972ರಲ್ಲಿ ಚಂಬಲ್ ಕಣಿವೆಯ ಡಕಾಯಿತರು ಜೌರಾದಲ್ಲಿ ಶರಣಾದದ್ದರ ಹಿಂದೆ ಅವರ ದುಡಿಮೆಯೂ ಇತ್ತು. 2021ರಲ್ಲಿ ತೀರಿಕೊಳ್ಳುವವರೆಗೂ 'ಭಾಯೀಜಿ' ಯುವಜನರ ನಡುವೆಯೇ ಇದ್ದರು.

ಅಂಥವರ ಮುಂದೆ ತಲೆಬಾಗೋಣ. ಆದರೆ ಅವರು ಸಂಸಾರ ಕಟ್ಟದೆ, ಸ್ವಂತದ್ದು ಅಂತ ಏನೂ ಇಟ್ಟುಕೊಳ್ಳದೆ ಬದುಕಿದ್ದು ಅವರ ಆಯ್ಕೆ. ಒಬ್ಬರ ತ್ಯಾಗವನ್ನು ಸಾವಿರಾರು ಜನರ ಸೇವಾ ನಿಯಮ ಮಾಡಲಾಗದು. ನರ್ಸ್‌ಗೆ ಸಂಬಳ ಕೊಟ್ಟಿದ್ದಕ್ಕೆ ಕರುಣೆ ಹೋಯ್ತು ಅಂತ ಯಾರೂ ಹೇಳಲ್ಲ. ಮೇಷ್ಟ್ರಿಗೆ ಸಂಬಳ ಬರುತ್ತೆ, ಒಳ್ಳೆಯ ಮೇಷ್ಟ್ರು ಒಳ್ಳೆಯವರಾಗಿಯೇ ಇದ್ದಾರೆ.

ಇನ್ನೊಂದು ಮಾತು ಬರೀ ಸಂಬಳದ್ದಲ್ಲ, ಮಕ್ಕಳ ಸುರಕ್ಷತೆಯದ್ದು. ಹದಿನೈದರ ಹುಡುಗಿ ಶಿಬಿರದ ಕೊನೆಯ ದಿನ ಪಕ್ಕಕ್ಕೆ ಕರೆದು, ಮನೆಯಲ್ಲಿ ತನಗೆ ಆಗುತ್ತಿರುವುದನ್ನು ಹೇಳಿಕೊಂಡಳು ಅಂದುಕೊಳ್ಳಿ. ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅದನ್ನು ಪೊಲೀಸರಿಗೆ ತಿಳಿಸುವುದು ಕೇಳಿಸಿಕೊಂಡವರ ಕಾನೂನುಬದ್ಧ ಹೊಣೆ. ನಾಲ್ಕು ಗಂಟೆಯ ಪರಿಚಯ ಕಾರ್ಯಾಗಾರ ಮುಗಿಸಿ ಬಂದ ಇಪ್ಪತ್ತರ ಸ್ವಯಂಸೇವಕನಿಗೆ ಇದು ಗೊತ್ತಿರುತ್ತಾ? 'ಯಾರಿಗೂ ಹೇಳಲ್ಲ' ಅಂತ ಮಾತು ಕೊಟ್ಟುಬಿಟ್ಟರೆ? ಎಷ್ಟು ಹತ್ತಿರ ಹೋಗಬೇಕು, ಎಲ್ಲಿ ನಿಲ್ಲಬೇಕು, ರಾತ್ರಿ ಹನ್ನೊಂದಕ್ಕೆ ಬಂದ ಮೆಸೇಜಿಗೆ ಏನು ಉತ್ತರ ಕೊಡಬೇಕು, ಇವೆಲ್ಲ ಕಲಿಯಬೇಕಾದ ವಿದ್ಯೆ. ಒಳ್ಳೆಯ ಮನಸ್ಸು ಇದ್ದರೆ ಸಾಕು ಅನ್ನುವುದು ಆ ಹುಡುಗಿಗೂ ಅಪಾಯ, ಸ್ವಯಂಸೇವಕನಿಗೂ ಅಪಾಯ.

ಇಂಗ್ಲೆಂಡಿನಿಂದ ಎರಡು ಪಾಠ

ಇಂಗ್ಲೆಂಡಿನಲ್ಲೂ ಯೂತ್ ಕ್ಲಬ್‌ಗಳು ಹೆಚ್ಚಾಗಿ ಚರ್ಚಿನವರ, ಸ್ವಯಂಸೇವಕರ ಹೆಗಲ ಮೇಲೇ ನಡೆದವು. 1960ರ ಆಲ್ಬಮಾರ್ಲ್ ಸಮಿತಿ ವರದಿ ಅದನ್ನು ಬದಲಿಸಿತು. ಸರ್ಕಾರ ಕಟ್ಟಡಗಳಿಗೆ ಹಣ ಕೊಟ್ಟಿತು, ತರಬೇತಿ ಕಾಲೇಜು ತೆರೆಯಿತು, ಸಂಬಳ ಶ್ರೇಣಿ ಬಂತು. 2010ರಿಂದ ವೃತ್ತಿಪರ ಯೂತ್ ವರ್ಕರ್ ಆಗಲು ಪದವಿ ಮಟ್ಟದ ಓದು ಬೇಕು. ಅದಕ್ಕೆ ಮೊದಲಿನ ಮೆಟ್ಟಿಲುಗಳೂ ಇವೆ: ಸ್ವಯಂಸೇವಕರಾಗಿದ್ದವರು ಸಣ್ಣ ಕೋರ್ಸ್ ಮಾಡಿ ಸಹಾಯಕ ಹುದ್ದೆಗೆ ಬಂದು, ದುಡಿಯುತ್ತಲೇ ಮುಂದೆ ಓದಬಹುದು.

ಇದು ಮೊದಲ ಪಾಠ. ಎರಡನೆಯದು ಕಹಿ. ಅದೇ 2010ರ ನಂತರ ಅಲ್ಲಿನ ಸರ್ಕಾರ ಖರ್ಚು ಕಡಿತಕ್ಕಿಳಿದಾಗ ಸ್ಥಳೀಯ ಸಂಸ್ಥೆಗಳು ಮೊದಲು ಕತ್ತರಿ ಹಾಕಿದ್ದರಲ್ಲಿ ಯುವಜನ ಸೇವೆಯೂ ಒಂದು. ನೂರಾರು ಕೇಂದ್ರಗಳು ಮುಚ್ಚಿದವು. ಪದವಿ ಇದ್ದವರಿಗೆ ಹುದ್ದೆ ಇಲ್ಲದಾಯ್ತು. ಅಂದರೆ ಬರೀ ಕೋರ್ಸು ಶುರು ಮಾಡಿ ಕೈತೊಳೆದುಕೊಂಡರೆ ಆಗದು. ನಮ್ಮಲ್ಲೂ ಶ್ರೀಪೆರಂಬದೂರಿನಲ್ಲಿ 1993ರಿಂದ ರಾಜೀವ್ ಗಾಂಧಿ ರಾಷ್ಟ್ರೀಯ ಯುವ ಅಭಿವೃದ್ಧಿ ಸಂಸ್ಥೆ ಇದೆ, 2012ರ ಕಾಯ್ದೆಯಿಂದ ಅದಕ್ಕೆ ರಾಷ್ಟ್ರೀಯ ಮಹತ್ವದ ಸ್ಥಾನವೂ ಸಿಕ್ಕಿದೆ. ಅಲ್ಲಿ ಓದಿ ಬಂದವರು ಯಾವ ಹುದ್ದೆಗೆ ಅರ್ಜಿ ಹಾಕಬೇಕು ಅನ್ನುವುದಕ್ಕೆ ರಾಜ್ಯಗಳು ಉತ್ತರ ಕೊಟ್ಟಿಲ್ಲ.

ಹಾಗಾದರೆ ಏನು ಮಾಡಬೇಕು?

ದೊಡ್ಡ ಕ್ರಾಂತಿ ಬೇಕಿಲ್ಲ. ಕರ್ನಾಟಕ ಸರ್ಕಾರ ನಾಲ್ಕು ಕೆಲಸ ಮಾಡಬಹುದು.

ಒಂದು, ತಾಲೂಕಿಗೆ ಇಬ್ಬರಂತೆ ಯುವಜನ ಸಂಘಟಕರ ಹುದ್ದೆ, ಒಬ್ಬರು ಮಹಿಳೆ. ಸುಮಾರು 240 ತಾಲೂಕು ಅಂತ ಹಿಡಿದರೆ 480 ಹುದ್ದೆ. ತಿಂಗಳಿಗೆ 30 ಸಾವಿರ ಸಂಬಳ ಅಂದರೂ ವರ್ಷಕ್ಕೆ 17 ಕೋಟಿ 28 ಲಕ್ಷ. 2025-26ರಲ್ಲಿ 4 ಲಕ್ಷ ಕೋಟಿ ದಾಟಿದ ಬಜೆಟ್ ಮಂಡಿಸಿದ ರಾಜ್ಯಕ್ಕೆ ಇದು ಭಾರವಲ್ಲ.

ಎರಡು, ನೇಮಕಾತಿ ನಿಯಮದಲ್ಲಿ ಆ 'ಇಲ್ಲವೇ' ಇರಲಿ. ಎಂಎಸ್‌ಡಬ್ಲ್ಯೂ ಪದವಿ ಇಲ್ಲವೇ ದಾಖಲೆ ಇರುವ ಮೂರು ವರ್ಷದ ಕ್ಷೇತ್ರಾನುಭವ. ಮೀಸಲಾತಿ ಕಡ್ಡಾಯವಾಗಿ ಅನ್ವಯಿಸಲಿ.

ಮೂರು, ದುಡಿಯುತ್ತಲೇ ಓದಬಹುದಾದ, ಕನ್ನಡದಲ್ಲೇ ಇರುವ ಒಂದು ವರ್ಷದ ಡಿಪ್ಲೊಮಾ. ಮುಕ್ತ ವಿಶ್ವವಿದ್ಯಾಲಯ, ನಿಮ್ಹಾನ್ಸ್, ಸಮಾಜಕಾರ್ಯ ವಿಭಾಗಗಳು ಕೂಡಿ ಇದನ್ನು ರೂಪಿಸಲಾಗದೇನು?

ನಾಲ್ಕು, ಸ್ವಯಂಸೇವೆಗೆ ಒಂದು ಗಡಿ. ವಾರಕ್ಕೆ ಇಷ್ಟು ಗಂಟೆ, ಇಷ್ಟು ತಿಂಗಳು. ಅದಕ್ಕಿಂತ ಹೆಚ್ಚು ದುಡಿಸಿಕೊಂಡರೆ ಅದು ಕೆಲಸ, ಕನಿಷ್ಠ ವೇತನ ಕೊಡಬೇಕು. ಈ ನಿಯಮ ಸರ್ಕಾರಕ್ಕೂ ಅನ್ವಯಿಸಲಿ, ಎನ್‌ಜಿಒಗಳಿಗೂ ಅನ್ವಯಿಸಲಿ. ಬಡವರ ಹಕ್ಕಿನ ಬಗ್ಗೆ ವರದಿ ಬರೆಯುವ ಸಂಸ್ಥೆಗಳೇ ತಮ್ಮ ಕ್ಷೇತ್ರ ಸಿಬ್ಬಂದಿಗೆ ಪಿಎಫ್ ಕಟ್ಟದಿರುವುದು ಈ ವಲಯದಲ್ಲಿ ಎಲ್ಲರಿಗೂ ಗೊತ್ತಿರುವ, ಯಾರೂ ಆಡದ ಮಾತು.

ಈಗ ಈ ದಾರಿಯಲ್ಲಿರುವವರಿಗೆ

ಸರ್ಕಾರ ಎಚ್ಚೆತ್ತುಕೊಳ್ಳುವವರೆಗೆ ಕಾಯಲಾಗದವರಿಗೆ ಕೆಲವು ಮಾತು. ನಿಮ್ಮ ಕೆಲಸದ ದಿನಚರಿ ಬರೆದಿಡಿ. ಎಷ್ಟು ಮಕ್ಕಳು, ಎಷ್ಟು ಗಂಟೆ, ಏನು ಬದಲಾಯಿತು. ಮಕ್ಕಳ ಹೆಸರು ಬೇಡ, ಕೆಲಸದ ವಿವರ ಇರಲಿ. 'ಸಕ್ರಿಯವಾಗಿ ಭಾಗವಹಿಸಿದ್ದಾರೆ' ಅನ್ನುವ ಬಣ್ಣದ ಸರ್ಟಿಫಿಕೇಟಿಗಿಂತ, ನೀವು ಮಾಡಿದ ಕೆಲಸ ಯಾವುದು ಅಂತ ದಿನಾಂಕ ಸಮೇತ ಬರೆದ ಒಂದು ಪತ್ರವನ್ನು ಸಂಸ್ಥೆಯಿಂದ ಕೇಳಿ ಪಡೆಯಿರಿ. ಪೋಕ್ಸೋ ಮತ್ತು 2015ರ ಬಾಲನ್ಯಾಯ ಕಾಯ್ದೆಯನ್ನು ಓದಿಕೊಳ್ಳಿ. ಸಂದರ್ಶನದಲ್ಲಿ ಅದನ್ನೇ ಕೇಳ್ತಾರೆ, ಕೇಳದಿದ್ದರೂ ಗೊತ್ತಿರಲೇಬೇಕು. ಎಂಎಸ್‌ಡಬ್ಲ್ಯೂ ಓದುವ ಅವಕಾಶ ಇದ್ದರೆ ಬಿಡಬೇಡಿ. ಸೇರುವ ಮೊದಲು ಮೂರು ಪ್ರಶ್ನೆ ಕೇಳಲು ನಾಚಿಕೊಳ್ಳಬೇಡಿ: ಎಷ್ಟು ತಿಂಗಳು, ಓಡಾಟದ ಖರ್ಚು ಯಾರದ್ದು, ಹುದ್ದೆ ಬಂದಾಗ ನಮ್ಮನ್ನು ಪರಿಗಣಿಸ್ತೀರಾ? ಉತ್ತರ ಬರೀ ನಗು ಆಗಿದ್ದರೆ, ಅರ್ಥ ಮಾಡಿಕೊಳ್ಳಿ. ಅರ್ಧಕ್ಕೆ ಬಿಟ್ಟು ಹೋಗಬೇಕಾಗಿ ಬಂದರೂ ತಪ್ಪಿತಸ್ಥ ಭಾವ ಬೇಡ. ಹೊಟ್ಟೆಪಾಡಿಗೆ ಬೇರೆ ಕೆಲಸ ಹಿಡಿದವರು ಸೇವೆಗೆ ದ್ರೋಹ ಮಾಡಿದವರಲ್ಲ.

'ಕೆಲ್ಸ ಯಾವಾಗ ನೋಡ್ಕೊಳ್ತೀಯ?' ಅಂತ ಅಮ್ಮ ಕೇಳಿದಾಗ, 'ಇದೇ ನನ್ನ ಕೆಲ್ಸ' ಅಂತ ಹೇಳಿ, ತಿಂಗಳ ಕೊನೆಗೆ ಮನೆಗೆ ಅಕ್ಕಿ-ಬೇಳೆ ತರುವಷ್ಟು ದುಡ್ಡನ್ನು ಕೈಗಿಡುವ ಹಾಗಾಗಬೇಕು. ರಾಷ್ಟ್ರೀಯ ಯುವ ದಿನದಂದು ವೇದಿಕೆ ಮೇಲೆ ಯುವಶಕ್ತಿಯನ್ನು ಹೊಗಳುವವರು ಈ 480 ಹುದ್ದೆಗಳ ಕಡತಕ್ಕೆ ಸಹಿ ಹಾಕಿ ಬಂದರೆ, ಆ ದಿನದ ಭಾಷಣ ಎಷ್ಟು ಉದ್ದವಿದ್ದರೂ ಕೂತು ಕೇಳೋಣ.